ಇಳಿದು ಬನ್ನಿ

ಮೇಲಿನಿಂದ ಬೀಳುವುದನ್ನು ಹಿಡಿಯಲು ನನಗೆ ಕಲಿಸಿದ್ದು ಯಾವ ಕೋಚೂ ಅಲ್ಲ. ಭದ್ರಾವತಿಯ ಮಹಡಿ ಮನೆಯವರು.

ನಮ್ಮಮ್ಮ ಕಾಶಮ್ಮ ಬೀದಿ ಗುಡಿಸುವವಳು. ಕೆಲಸ ಮುನಿಸಿಪಾಲಿಟಿಯದು, ಅವಳು ಮಾತ್ರ ಮುನಿಸಿಪಾಲಿಟಿಯವಳಲ್ಲ, ಕಂಟ್ರಾಕ್ಟರ್ ಕಡೆಯವಳು. ಬೆಳಿಗ್ಗೆ ಕಸದ ಗಾಡಿಯ ಹಿಂದೆ ಅವಳು, ಅವಳ ಹಿಂದೆ ನಾನು. ಗಾಡಿಯ ಹಾಡು ಕೇಳಿದರೆ ಕೆಳಮನೆಯವರು ಬಕೆಟ್ ಹಿಡಿದು ಗೇಟಿಗೆ ಬರುತ್ತಿದ್ದರು. ಮಹಡಿಯವರು ಬರುತ್ತಿರಲಿಲ್ಲ. "ಏಯ್, ಹಿಡ್ಕೋ" ಎಂದು ಬಾಲ್ಕನಿಯಿಂದ ಕವರ್ ಎಸೆಯುತ್ತಿದ್ದರು. ಕವರ್ ನೆಲಕ್ಕೆ ಬಿದ್ದರೆ ಒಡೆಯುತ್ತದೆ. ಹಳಸಿದ ಅನ್ನ, ಮೀನಿನ ಮುಳ್ಳು, ಮಗುವಿನ ಕಕ್ಕ, ಮುಟ್ಟಿನ ಬಟ್ಟೆ, ಎಲ್ಲ ರಸ್ತೆಗೆ. ಅದನ್ನು ಅಮ್ಮ ಬರಿಗೈಯಲ್ಲಿ ಬಾಚಬೇಕು. ಮೇಲಿನವರ ಬೈಗುಳವನ್ನೂ ಅವಳೇ ತಿನ್ನಬೇಕು: "ಹಿಡಿಯೋಕೂ ಬರಲ್ವಾ ನಿಂಗೆ?" ಅಮ್ಮನ ಸೊಂಟ ಆಗಲೇ ಹೋಗಿತ್ತು. ಅದಕ್ಕೇ ನಾನು ಹಿಡಿಯತೊಡಗಿದೆ.

ಹಿಡಿಯುವುದಕ್ಕೆ ಒಂದು ಉಪಾಯ ಇದೆ. ಕೈ ಗಟ್ಟಿ ಮಾಡಿಕೊಂಡರೆ ಕವರ್ ಒಡೆಯುತ್ತದೆ. ಅದು ಬರುವ ವೇಗಕ್ಕೇ ಕೈಯನ್ನೂ ಕೆಳಗೆ ಬಿಡಬೇಕು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ. ಕವರ್ ಕೈಬಿಟ್ಟ ಕೂಡಲೇ ಎಲ್ಲಿ ಬೀಳುತ್ತದೆ ಎಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಖದ ಮೇಲೆ ಬೀಳುತ್ತದೆ. ಮೊದಮೊದಲು ಬಿದ್ದಿದೆ. ಆ ವಾಸನೆ ಹೊತ್ತು ಸ್ಕೂಲಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದೇನೆ.

ವಿಶ್ವಾರಾಧ್ಯ ಸಾರ್ ನಮ್ಮ ಹೈಸ್ಕೂಲಿಗೆ ಬಂದದ್ದು ಸಾಫ್ಟ್‌ಬಾಲ್ ಟೀಮಿಗೆ ಹುಡುಗಿಯರನ್ನು ಆರಿಸಲು. ಶಿವಮೊಗ್ಗದಿಂದ ಬಂದ ಕೋಚ್. ಅವರು ಹಳದಿ ಚೆಂಡನ್ನು ಬ್ಯಾಟಿನಿಂದ ಆಕಾಶಕ್ಕೆ ಹೊಡೆದರು. ಹೆಸರಿಗೆ ಸಾಫ್ಟ್, ಬಿದ್ದರೆ ತಲೆಬುರುಡೆ ಬಿಚ್ಚುತ್ತದೆ. ಹುಡುಗಿಯರು ಚೆಂಡು ಕಂಡು ಚೆದುರಿದರು. ನಾನು ನಿಂತಲ್ಲೇ ನಿಂತು ಬರಿಗೈಯಲ್ಲಿ ಹಿಡಿದೆ. ಚೆಂಡು ಒಡೆಯಲಿಲ್ಲ, ಏನೂ ಸುರಿಯಲಿಲ್ಲ. ನನಗೆ ನಗು ಬಂತು. ಇಷ್ಟು ಶುದ್ಧವಾದ ವಸ್ತು ಮೇಲಿನಿಂದ ನನ್ನ ಕೈಗೆ ಬಿದ್ದದ್ದು ಅದೇ ಮೊದಲು.

"ಯಾರೇ ನಿಂಗೆ ಕಲಿಸಿದ್ದು?" ಸಾರ್ ಕೇಳಿದರು.

"ಅಮ್ಮನ ಜೊತೆ ಕಲ್ತಿದ್ದು ಸಾರ್."

"ಅಮ್ಮ ಆಡ್ತಿದ್ರಾ?"

ಕ್ಲಾಸಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಾರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ನನ್ನನ್ನು ಆರಿಸಿದರು. ಅದನ್ನು ನಾನು ಮರೆತಿಲ್ಲ. ಒಳ್ಳೆಯ ಮನುಷ್ಯ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಒಳ್ಳೆಯತನ ಅವರದು. ಅಂಥ ಒಳ್ಳೆಯತನದಲ್ಲಿ ಕೊನೆಗೆ ಹಾವು ಬದುಕಿಕೊಳ್ಳುತ್ತದೆ.

ಜಿಲ್ಲೆಗೆ ಆಡಿದೆ. ಯೂನಿವರ್ಸಿಟಿಗೆ ಆಡಿದೆ. ರಾಜ್ಯದ ಅಂಗಿ ಹಾಕಿಕೊಂಡು ರೈಲು ಹತ್ತಿದೆ. ಡಿಗ್ರಿ ಮುಗಿದ ವರ್ಷ ಶಿವಮೊಗ್ಗದ ಷಡಕ್ಷರಪ್ಪನವರು ಕ್ಲಬ್ ಕಟ್ಟಿ, ವಿಶ್ವಾರಾಧ್ಯ ಸಾರ್ ಅವರನ್ನೇ ಕೋಚ್ ಮಾಡಿಕೊಂಡು, ಹುಡುಗಿಯರಿಗೆ ತಿಂಗಳ ಸಂಬಳ ಕೊಟ್ಟು ಆಡಿಸುತ್ತೇವೆ ಎಂದರು. ಅಡಿಕೆ ಮಂಡಿಯ ದೊಡ್ಡ ಕುಳ. ಅವರ ಮಗಳು ಸೌಂದರ್ಯ ಪಿಚ್ಚರ್, ಅಂದರೆ ನಡುವೆ ನಿಂತು ಚೆಂಡೆಸೆಯುವವಳು. ಮಗಳಿಗಾಗಿ ಟೀಮು, ಟೀಮಿಗಾಗಿ ನಾವು. ಆದರೂ ಸಂಬಳದ ಆಟ. ಊರಿನಲ್ಲಿ ಯಾರಾದರೂ ಏನು ಕೆಲಸ ಎಂದರೆ "ಆಡ್ತೀನಿ" ಎನ್ನುತ್ತಿದ್ದೆ. ಆಟವೂ ಒಂದು ಕೆಲಸವಾ ಎಂದು ಅವರು ನಕ್ಕರೆ ನಾನೂ ನಗುತ್ತಿದ್ದೆ.

ಕ್ಲಬ್ಬಿಗೆ ಒಂದು ಶಾಲೆಯೂ ಇತ್ತು. ಷಡಕ್ಷರಪ್ಪನವರು ಮೊದಲ ದಿನವೇ ಎಲ್ಲರ ಎದುರು ಹೇಳಿದ್ದರು: "ಕವನ, ಚೆನ್ನಾಗಿ ಆಡು. ಆಡೋದು ಮುಗಿದ್ಮೇಲೆ ನಮ್ಮ ಸ್ಕೂಲಲ್ಲಿ ಮಕ್ಕಳಿಗೆ ಆಟ ಕಲಿಸ್ಕೊಂಡಿರು. ಖಾಯಂ ಮಾಡ್ತೀನಿ." ಆ ಮಾತನ್ನು ನಾನು ಬಸ್ಸಿನಲ್ಲಿ ಮಲವಗೊಪ್ಪ ದಾಟುವವರೆಗೂ ಬಾಯೊಳಗೆ ಚಪ್ಪರಿಸಿಕೊಂಡು ಹೋದೆ. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ಆ ಕೆಲಸ ಸಿಕ್ಕ ದಿನ ನಿನ್ನ ಪೊರಕೆಯನ್ನು ಒಲೆಗೆ ಹಾಕುತ್ತೇನೆ ಎಂದು. ಅಮ್ಮ ಪೊರಕೆಯನ್ನು ನನ್ನಿಂದ ದೂರ ಇಟ್ಟಳು. "ಸಿಗ್ಲಿ ಮೊದ್ಲು" ಎಂದಳು. ಆದರೆ ಮುಖ ಅರಳಿತ್ತು.

ಈಗ ಆ ಗ್ರೌಂಡಿನ ವಿಷಯ ಹೇಳಬೇಕು. ನವುಲೆ ಕಡೆ ಕ್ಲಬ್ಬಿನ ಜಾಗ. ಪಿಚ್ಚರ್, ಕ್ಯಾಚರ್, ಬೇಸಿನವರು ಒಳಗೆ ಆಡುತ್ತಾರೆ. ಮೂವರು ಹೊರಗೆ, ದೂರ ನಿಲ್ಲುತ್ತಾರೆ, ಔಟ್‌ಫೀಲ್ಡರ್‌ಗಳು. ಆ ಮೂವರಲ್ಲಿ ನಡುವಿನವಳು ನಾನು, ಸೆಂಟರ್ ಫೀಲ್ಡರ್. ನನ್ನ ಬೆನ್ನ ಹಿಂದೆ ಊರಿನ ದೊಡ್ಡ ಚರಂಡಿ. ಬೇಲಿ ಇರಲಿಲ್ಲ. ನನ್ನ ತಲೆ ಮೇಲೆ ದಾಟಿದ ಚೆಂಡು ಉರುಳಿಕೊಂಡು ಅಲ್ಲಿಗೇ ಹೋಗಿ ಬೀಳುತ್ತಿತ್ತು. ಬಿದ್ದ ಚೆಂಡನ್ನು ನಾನು ತರಬೇಕು. ಎಡಕ್ಕೆ ಹೋದರೂ ನಾನೇ, ಬಲಕ್ಕೆ ಹೋದರೂ ನಾನೇ. ಹಾಗಂತ ಯಾರೂ ರೂಲು ಮಾಡಿರಲಿಲ್ಲ. ಚೆಂಡು ಚರಂಡಿಗೆ ಬಿದ್ದ ಕೂಡಲೇ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ಅಷ್ಟೇ. ತಂದು ತೊಳೆದು ಕೊಡುತ್ತಿದ್ದೆ. ನಾನು ತೊಳೆದದ್ದನ್ನು ಸೌಂದರ್ಯ ಇನ್ನೊಮ್ಮೆ ತೊಳೆಯುತ್ತಿದ್ದಳು. ಬರಬರುತ್ತಾ ಚರಂಡಿಗೆ ಬೀಳದ, ನಾನು ಗಾಳಿಯಲ್ಲೇ ಹಿಡಿದ ಚೆಂಡನ್ನೂ ಅವಳು ಪ್ಯಾಂಟಿಗೆ ಒರೆಸಿಕೊಳ್ಳತೊಡಗಿದಳು. ಬೇಕೆಂದು ಮಾಡಿದ್ದಲ್ಲ, ಅದೇ ನೋವು. ಬೇಕೆಂದು ಮಾಡಿದ್ದರೆ ಜಗಳವಾಡಬಹುದಿತ್ತು.

ನನ್ನನ್ನು ಅಲ್ಲಿ ಯಾಕೆ ನಿಲ್ಲಿಸಿದ್ದಾರೆ ಎಂದು ಒಮ್ಮೆ ಸಾರ್‌ನ ಕೇಳಿದೆ. ನನ್ನ ಎಸೆತ ಜೋರು, ಒಳಗೂ ಆಡಬಲ್ಲೆ ಎಂದೆ.

"ನಿನ್ನಷ್ಟು ಚೆನ್ನಾಗಿ ಅಲ್ಲಿ ಯಾರೂ ಆಡಲ್ಲ ಮಾರಾಯ್ತಿ" ಎಂದರು. ಅದು ನಿಜ. ನಿಜ ಹೇಳಿಯೂ ಮನುಷ್ಯ ತಪ್ಪಿಸಿಕೊಳ್ಳಬಹುದು ಎಂದು ಆವತ್ತು ಗೊತ್ತಾಯಿತು.

ಒಂದು ವರ್ಷದ ಆಯುಧ ಪೂಜೆ. ಕ್ಲಬ್ಬಿನ ಹಾಲಿನಲ್ಲಿ ಚಾಪೆ ಹಾಸಿ ಬ್ಯಾಟು, ಚೆಂಡು, ಹೆಲ್ಮೆಟ್ಟು, ಎಲ್ಲರ ಗ್ಲೌಸುಗಳನ್ನು ಸಾಲಾಗಿ ಇಟ್ಟಿದ್ದರು. ಷಡಕ್ಷರಪ್ಪನವರ ಹೆಂಡತಿ ಸುಭದ್ರಮ್ಮನವರು ವಿಭೂತಿ, ಕುಂಕುಮ ಹಚ್ಚುತ್ತಾ ಬಂದರು. ನನ್ನ ಗ್ಲೌಸಿನ ಹತ್ತಿರ ಕೈ ನಿಂತಿತು.

"ಇದು ಮೋರಿಗೆ ಇಳಿಯೋದಲ್ವಾ?"

ಅವರು ಅದನ್ನು ಎರಡು ಬೆರಳಲ್ಲಿ ಎತ್ತಿದರು. ಬಾಗಿಲ ಹೊರಗೆ, ಚಪ್ಪಲಿ ಬಿಟ್ಟ ಜಾಗದಲ್ಲಿ ಇಟ್ಟರು. ಬಂದು ಕೈ ತೊಳೆದುಕೊಂಡರು. ಮುಂದಿನ ಗ್ಲೌಸಿಗೆ ಕುಂಕುಮ ಹಚ್ಚಿದರು. ಸಾರ್ ಕರ್ಪೂರದ ಪೊಟ್ಟಣ ಬಿಚ್ಚುವುದರಲ್ಲಿ ಮುಳುಗಿಹೋದರು. ನಾನು ಮಂಗಳಾರತಿ ಮುಗಿಯುವವರೆಗೂ ಕೈ ಮುಗಿದುಕೊಂಡೇ ನಿಂತಿದ್ದೆ. ನನ್ನ ಕಣ್ಣು ದೇವರ ಮೇಲಿರಲಿಲ್ಲ, ಚಪ್ಪಲಿಗಳ ಮಧ್ಯೆ ಬಾಯಿ ತೆರೆದು ಬಿದ್ದ ಗ್ಲೌಸಿನ ಮೇಲಿತ್ತು. ಆಮೇಲೆ ಸೌಂದರ್ಯ ಪೇಪರಿನಲ್ಲಿ ಮಂಡಕ್ಕಿ ಕಟ್ಟಿ ತಂದುಕೊಟ್ಟಳು. "ಅಮ್ಮಂಗೆ ಗೊತ್ತಾಗಲ್ಲ ಕಣೆ, ಬೇಜಾರ್ ಮಾಡ್ಕೋಬೇಡ" ಎಂದಳು. ಮಾಡ್ಕೊಳ್ಳಲ್ಲ ಎಂದೆ. ಸುಳ್ಳು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಮ್ಮನಿಗೆ ಅಪ್ಪನ ನೆನಪಾಗುತ್ತದೆ. ನಮ್ಮಪ್ಪ ಮಾರಪ್ಪ ಕಕ್ಕಸಿನ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ನಾನಾಗ ಚಿಕ್ಕವಳು. ಕುಡಿದು ಸತ್ತ ಎಂದರು. ಕುಡಿಯದೆ ಆ ಗುಂಡಿಗೆ ಯಾವ ಮಗ ಇಳಿಯುತ್ತಾನೆ? ಇಳಿಸುವವರೇ ಮೊದಲು ಕುಡಿಸುತ್ತಾರೆ. ಅಪ್ಪನನ್ನು ಎತ್ತಿದ ಮೇಲೆ ಮನೆಯ ಯಜಮಾನ ಕೇಳಿದನಂತೆ, ಇನ್ನೂ ಅರ್ಧ ಉಳಿದಿದೆಯಲ್ಲ, ಯಾರು ಮಾಡೋರು ಎಂದು. ಇದನ್ನು ಅಮ್ಮ ಒಂದೇ ಒಂದು ಸಲ ಹೇಳಿದ್ದಾಳೆ.

ನನ್ನ ಆಟ ಮುಗಿದದ್ದು ಮರುವರ್ಷ, ದಾವಣಗೆರೆಯವರ ಮೇಲಿನ ಫೈನಲ್‌ನಲ್ಲಿ. ನಮ್ಮದೇ ಗ್ರೌಂಡು. ಕೊನೆಯ ಇನ್ನಿಂಗ್ಸ್. ನಾವು ಕೂದಲೆಳೆಯಷ್ಟು ಮುಂದಿದ್ದೆವು. ಅವರ ಹುಡುಗಿಯೊಬ್ಬಳು ಹೊಡೆದ ಚೆಂಡು ನನ್ನ ತಲೆ ಮೇಲೆ ಹೋಯಿತು. ಓಡಿದೆ, ಹಾರಿದೆ, ಬೆರಳಿಗೆ ತಾಗಿ ಹಿಂದಕ್ಕೆ ಹೋಗಿ ಚರಂಡಿಗೆ ಬಿತ್ತು. ಅಂಪೈರ್ ಆಟ ನಿಲ್ಲಿಸಿದರು. ಎಲ್ಲರೂ ನನ್ನ ಕಡೆ ನೋಡಿದರು.

ಹಿಂದಿನ ದಿನದ ಮಳೆಗೆ ಚರಂಡಿ ತುಂಬಿ ಕಪ್ಪಗೆ ಹರಿಯುತ್ತಿತ್ತು. ಚೆಂಡು ನಡುವೆ ಪ್ಲಾಸ್ಟಿಕ್ ರಾಶಿಗೆ ಸಿಕ್ಕಿಕೊಂಡಿತ್ತು. ನಾನು ಸಾರ್ ಕಡೆ ತಿರುಗಿ ಕೂಗಿದೆ: "ಬೇರೆ ಬಾಲ್ ಕೊಡಿ ಸಾರ್!"

ಶಾಮಿಯಾನದಿಂದ ಷಡಕ್ಷರಪ್ಪನವರ ಧ್ವನಿ ಬಂತು. "ಇದ್ದದ್ದನ್ನ ತರಕ್ಕೇನು ಅವಳಿಗೆ? ದಿನಾ ತರಲ್ವಾ?"

ಸಾರ್ ಓಡಿ ಬಂದರು. ನನ್ನ ಪರ ಮಾತಾಡಲು ಬಂದರು ಎಂದುಕೊಂಡೆ. ಅವರು ನನ್ನ ಕಾಲಿನ ಮುಳ್ಳಿನ ಶೂ ನೋಡಿದರು.

"ಸ್ಪೈಕ್ಸ್ ಬಿಚ್ಚಿಟ್ಟು ಇಳಿ ಕವನ. ಕ್ಲಬ್ಬಿಂದು, ಹಾಳಾಗುತ್ತೆ."

ಬಿಚ್ಚಿಟ್ಟೆ. ಇಳಿದೆ. ಹೌದು, ಇಳಿದೆ. ಶಾಲೆಯ ಕೆಲಸ ಕಣ್ಣ ಮುಂದಿತ್ತು. ಅಮ್ಮನ ಸೊಂಟ ಕಣ್ಣ ಮುಂದಿತ್ತು. ನೀರು ತೊಡೆಗೆ ಬಂತು. ಒಂದು ಕಾಲು ಕೆಸರಲ್ಲಿ ಹೂತಿತು, ಇನ್ನೊಂದು ಗಾಜಿನ ಮೇಲೆ ಬಿತ್ತು. ಒಡೆದ ಬಾಟಲಿ. ಮೊದಲು ತಣ್ಣಗೆ ಅನ್ನಿಸಿತು. ಚೆಂಡು ಹಿಡಿದು ಮೇಲೆ ಬಂದಾಗ ಹುಲ್ಲು ಕೆಂಪಾಗುತ್ತಿತ್ತು. ಕಾಲ್ಚೀಲ ಎಳೆದುಕೊಂಡು ಅದರ ಮೇಲೆ ಸ್ಪೈಕ್ಸ್ ಹಾಕಿಕೊಂಡೆ. ಮುಂದಿನ ಹೊಡೆತ ಮತ್ತೆ ನನ್ನ ಕಡೆಗೇ ಬಂತು. ಓಡಿದೆ. ಶೂ ಒಳಗೆ ರಕ್ತ ಪಚಪಚ ಎನ್ನುತ್ತಿತ್ತು. ಬಿದ್ದುಕೊಂಡೇ ಹಿಡಿದೆ. ಗೆದ್ದೆವು.

ನೀರು ಕುಡಿಯಲು ಕಿಟ್ ಬ್ಯಾಗಿನ ಹತ್ತಿರ ಹೋದಾಗ ಕಂಡದ್ದು, ಹೊಸ ಚೆಂಡುಗಳ ಪೆಟ್ಟಿಗೆ. ಮೇಲಿನ ಟೇಪು ಸಹ ಬಿಚ್ಚಿರಲಿಲ್ಲ.

ಕಾಲಿನ ನರ ಕತ್ತರಿಸಿದೆ ಎಂದರು ಡಾಕ್ಟರು. ಚರಂಡಿ ನೀರು ಸೇರಿ ಕೀವಾಯಿತು. ಎರಡು ಸಲ ಕೊಯ್ದರು. ಪಾದ ಉಳಿಯಿತು, ಹೆಬ್ಬೆರಳು ಮೇಲೇಳುವುದನ್ನು ಬಿಟ್ಟಿತು. ಹೆಬ್ಬೆರಳು ಏಳದವಳು ನಡೆಯಬಹುದು. ಓಡಲು ಹೋದರೆ ಮುಗ್ಗರಿಸುತ್ತಾಳೆ. ಪೇಪರಿನಲ್ಲಿ ಕಪ್ ಹಿಡಿದ ಷಡಕ್ಷರಪ್ಪನವರ ಫೋಟೋ ಬಂದಿತ್ತು. ಹಿಂದಿನ ಸಾಲಿನಲ್ಲಿ ನನ್ನ ಅರ್ಧ ಮುಖ. ಅಮ್ಮ ಆ ಅರ್ಧ ಮುಖವನ್ನೇ ಕತ್ತರಿಸಿ ಗೋಡೆಗೆ ಅಂಟಿಸಿದಳು.

ಮಳೆಗಾಲ ಕಳೆದ ಮೇಲೆ ಕ್ಲಬ್ಬಿನಿಂದ ಕರೆ ಬಂತು. ಅಮ್ಮ ತಲೆಗೆ ಎಣ್ಣೆ ಹಾಕಿ ಬಾಚಿದಳು, ಇದ್ದುದರಲ್ಲಿ ಒಳ್ಳೆಯ ಚೂಡಿದಾರ ಇಸ್ತ್ರಿ ಮಾಡಿಸಿ ತಂದಳು. ಗ್ಲೌಸನ್ನೂ ತೆಗೆದುಕೊಂಡು ಹೋದೆ. ಮಕ್ಕಳಿಗೆ ಹಿಡಿಯುವುದನ್ನು ತೋರಿಸು ಎಂದರೆ ಬೇಕಲ್ಲ.

ಷಡಕ್ಷರಪ್ಪನವರು ಕುರ್ಚಿಯಲ್ಲಿದ್ದರು. ಸಾರ್ ಪಕ್ಕದಲ್ಲಿ ನಿಂತಿದ್ದರು. ನನಗೆ ಕೂರಲು ಹೇಳಲಿಲ್ಲ.

"ನಿನ್ನ ಕೈ ಬಿಡಲ್ಲ ಅಂದಿದ್ದೆ. ಬಿಟ್ಟಿಲ್ಲ. ಖಾಯಂ ಮಾಡಿದೀನಿ. ನಾಳೆಯಿಂದ ಬಾ. ಡ್ರೆಸ್ಸಿಂಗ್ ರೂಮು, ಸ್ಟ್ಯಾಂಡು, ಟಾಯ್ಲೆಟ್ಟು ಎಲ್ಲ ನೀಟಾಗಿ ಇಟ್ಕೋಬೇಕು. ಬಾಲ್ ಹಾರಿ ಮೋರಿಗೆ ಬಿದ್ರೆ ನೀನಂತೂ ಇದ್ದೇ ಇರ್ತೀಯ."

ಗ್ಲೌಸನ್ನು ಷಡಕ್ಷರಪ್ಪನವರ ಮುಂದೆ ಹಿಡಿದೆ. "ಸ್ಕೂಲಲ್ಲಿ ಆಟ ಕಲಿಸೋದು ಅಂದಿದ್ರಿ ನೀವು."

"ಅದಕ್ಕೆ ಬೇರೆಯವರನ್ನ ತಗೊಂಡ್ವಿ. ನೋಡಮ್ಮ, ನಾನು ಭೇದ ಮಾಡೋನಲ್ಲ. ಪೇರೆಂಟ್ಸು ಒಂಥರಾ ಇರ್ತಾರೆ. ಮಕ್ಕಳ ಕೈ ಹಿಡಿದು ಕಲಿಸೋ ಕೆಲಸ ಅದು. ಇದಾದ್ರೆ ನಿಮಗೆ ರೂಢಿ ಇರುತ್ತೆ."

ನಿಮಗೆ ಎಂದರು. ಅಷ್ಟು ವರ್ಷ ಏಕವಚನದಲ್ಲಿ ಕರೆದವರು. ಆ 'ನಿಮಗೆ'ಯಲ್ಲಿ ನಾನು, ನನ್ನಮ್ಮ, ಗುಂಡಿಯಲ್ಲಿ ಸತ್ತ ನನ್ನಪ್ಪ, ನಮ್ಮ ಕಾಲೋನಿಯೇ ಇತ್ತು. ನಾನು ಸಾರ್ ಮುಖ ನೋಡಿದೆ. ಅವರು ಕಿಟಕಿಯ ಆಚೆ ನೋಡಿದರು. ಅಲ್ಲಿ ಸೆಂಟರ್ ಫೀಲ್ಡ್ ಕಾಣುತ್ತಿತ್ತು. ಹೊಸ ಹುಡುಗಿ ನಿಂತಿದ್ದಳು. ಅವಳ ಹಿಂದೆ ಚರಂಡಿಯ ಉದ್ದಕ್ಕೂ ಹೊಸ ಬೇಲಿ ಹಾಕಿದ್ದರು.

"ಬೇಲಿ ಯಾವಾಗ ಹಾಕಿಸಿದ್ರಿ ಸಾರ್?" ಕೇಳಿದೆ.

"ಆ ಹುಡುಗಿ ಅಪ್ಪ ಬಂದು ಕೇಳಿದ್ರು" ಎಂದರು ಸಾರ್, ಮೆಲ್ಲಗೆ.

ಒಂದು ಬೇಲಿ. ಅಷ್ಟೇ ಸಾಕಿತ್ತು.

"ನಾನು ಬರಲ್ಲ" ಎಂದೆ.

ಷಡಕ್ಷರಪ್ಪನವರು ನಕ್ಕರು. "ಖಾಯಂ ಕೆಲಸ ಬೇಡ ಅಂತೀಯಾ? ಮನೇಲಿ ಕೇಳ್ಕೊಂಡು ಬಾ."

"ಕೇಳೋದೇನೂ ಇಲ್ಲ. ನಾನು ಸೆಂಟರ್ ಫೀಲ್ಡರ್. ನಿಮ್ಮ ಕಪ್ ಹಿಡಿದಿದ್ದು ಈ ಕೈ. ಇದರಲ್ಲಿ ನಿಮ್ಮ ಕಕ್ಕಸು ತೊಳೆಯಲ್ಲ."

ಅವರ ನಗು ಹೋಯಿತು. "ಬಾಯಿ ಬಂತು. ಆ ಗ್ಲೌಸ್ ಕ್ಲಬ್ಬಿಂದು. ಇಟ್ಟು ಹೋಗು."

ಆ ಗ್ಲೌಸು ನನ್ನ ಅಂಗೈಯ ಬೆವರು ಕುಡಿದು ನನ್ನ ಕೈಯ ಆಕಾರಕ್ಕೇ ಬಂದಿತ್ತು. ಬೇರೆ ಯಾರ ಕೈಗೂ ಆಗುತ್ತಿರಲಿಲ್ಲ. "ಎಲ್ಲಿಡಬೇಕು ಅಂತ ಗೊತ್ತು" ಎಂದೆ. ಹೊರಗೆ ಬಂದು ಚಪ್ಪಲಿಗಳ ಸಾಲಿನಲ್ಲಿ ಇಟ್ಟೆ. ನನ್ನ ಚಪ್ಪಲಿ ಹಾಕಿಕೊಂಡೆ. ಗೇಟಿನವರೆಗೆ ನೆಟ್ಟಗೆ ನಡೆದೆ. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಅತ್ತೆ. ಪಕ್ಕದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಹೇಳಿದೆ. ಅವಳು ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಬೆನ್ನಿಗೆ ಗುದ್ದಿದಳು. ಸಿಟ್ಟು ಬಂದರೆ ಅವಳಿಗೆ ಮೊದಲು ಮನೆಮಾತು ತೆಲುಗೇ ಬರುವುದು.

"ನೀಕು ಪಿಚ್ಚಾ?" ಎಂದಳು. ಹುಚ್ಚಾ ನಿಂಗೆ? "ಖಾಯಂ ಅಂದ್ರೆ ಏನು ಅಂತ ಗೊತ್ತೇನೇ? ಇಷ್ಟು ವರ್ಷ ಗುಡಿಸಿದೀನಿ. ಒಂದ್ ದಿನ ಯಾರಾದ್ರೂ ಆ ಮಾತು ಅಂದಿದಾರಾ ನಂಗೆ? ನಿಂಗೆ ಕರೆದು ಕೊಟ್ರೆ ಒದ್ದು ಬಂದ್ಯಲ್ಲೇ!"

"ಕಕ್ಕಸು ತೊಳೆಯೋಕೆ ಅಮ್ಮ."

"ನಾನು ಮಾಡ್ತಿರೋದು ಏನು ಮತ್ತೆ? ಅದರಲ್ಲೇ ನೀನು ಉಂಡು ಬೆಳೆದಿಲ್ವಾ? ನಿಂಗೆ ಹೊಲಸಾ ಅದು? ಹಂಗಾದ್ರೆ ನಾನೂ ಹೊಲಸಾ?"

ಅವಳು ಬಾಗಿಲ ಬಳಿಯೇ ಕೂತಳು. ಗೋಡೆಯ ಮೇಲಿನ ನನ್ನ ಅರ್ಧ ಮುಖವನ್ನು ನೋಡಿದಳು. ಆಮೇಲೆ ಒಲೆ ಹಚ್ಚಿ ಅನ್ನಕ್ಕಿಟ್ಟಳು.

ಮಾರನೆಯ ಬೆಳಿಗ್ಗೆ ಅವಳಿಗೆ ಏಳಲು ಆಗಲಿಲ್ಲ. ಸೊಂಟ ಹಿಡಿದಿತ್ತು. ಒಂದು ದಿನ ತಪ್ಪಿಸಿದರೆ ಕಂಟ್ರಾಕ್ಟರ್ ಬೇರೆಯವಳನ್ನು ಹಾಕುತ್ತಾನೆ. ಗೋಡೆ ಹಿಡಿದು ಎದ್ದಳು. ನಾನು ಅವಳ ಕೈಯಿಂದ ಪೊರಕೆ ತೆಗೆದುಕೊಂಡೆ. ಒಲೆಗೆ ಹಾಕುತ್ತೇನೆ ಎಂದಿದ್ದ ಅದೇ ಪೊರಕೆ. ಇಬ್ಬರೂ ಗಾಡಿಯ ಹಿಂದೆ ಹೊರಟೆವು. ಅವಳು ಸೊಂಟ ಹಿಡಿದುಕೊಂಡು, ನಾನು ಕಾಲೆಳೆದುಕೊಂಡು.

ಅದೇ ಬೀದಿ. ಅದೇ ಮಹಡಿ ಮನೆ. ಹಾಡು ಕೇಳಿ ಬಾಲ್ಕನಿಗೆ ಬಂದ ಹೆಂಗಸು ನನ್ನನ್ನು ಗುರುತಿಸಿದಳು.

"ಅಯ್ಯೋ, ನೀನಾ! ಪೇಪರಲ್ಲಿ ಬಂದಿದ್ದೆ ಅಲ್ವಾ? ಬಾಲ್ ಹಿಡಿಯೋಳು! ತಗೋ, ಹಿಡಿ ನೋಡಣ" ಎಂದು ನಗುತ್ತಾ ಕವರ್ ಬಿಟ್ಟಳು.

ಕೈಬಿಟ್ಟ ಕೂಡಲೇ ಅದು ಎಲ್ಲಿ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಕೈಗಳು ತಾವಾಗಿ ಮೇಲೆದ್ದವು. ಎಷ್ಟು ವರ್ಷದ ಅಭ್ಯಾಸ. ನಾನು ಅವನ್ನು ಕೆಳಗಿಳಿಸಿದೆ. ಒಂದು ಹೆಜ್ಜೆ ಹಿಂದೆ ಸರಿದೆ.

ಕವರ್ ನನ್ನ ಮುಂದೆ ಬಿದ್ದು ಒಡೆಯಿತು.

"ಏನೇ ಇದು? ಹಿಡಿಯೋಕಾಗ್ಲಿಲ್ವಾ?" ಮೇಲಿನಿಂದ ಕೂಗು ಬಂತು.

"ಹಿಡಿಯಲ್ಲ ಮೇಡಂ. ಇಳಿದು ಬನ್ನಿ. ಕೈಗೆ ಕೊಡಿ."

"ಕಾಶಮ್ಮಾ! ನಿನ್ ಮಗಳಿಗೆ ಹೇಳು. ಎತ್ತು ಅದನ್ನ, ಗೇಟ್ ಮುಂದೆ ಹರಡಿದೆ!"

ಅಮ್ಮ ಆಗಲೇ ಕುಕ್ಕರುಗಾಲಲ್ಲಿ ಕೂತಿದ್ದಳು. "ಹಿಡಿಬೋದಿತ್ತಲ್ಲೇ ಮಗಳೇ" ಎಂದು ಗೊಣಗುತ್ತಾ ಎಂದಿನಂತೆ ಬರಿಗೈ ಚಾಚಿದಳು. ಅನ್ನದ ಮುದ್ದೆ, ಟೊಮೆಟೊ ಸಿಪ್ಪೆ. ಅದರೊಳಗೆ ಏನೋ ಹೊಳೆಯಿತು. ಅಮ್ಮನ ಕೈ ನಿಂತಿತು. ಒಡೆದ ಗಾಜಿನ ಲೋಟ. ಉದ್ದನೆಯ ಚೂರುಗಳು, ಒಂದಕ್ಕೂ ಪೇಪರು ಸುತ್ತಿರಲಿಲ್ಲ. ನಾನು ಹಿಡಿದಿದ್ದರೆ ಅವು ನೇರ ಅಂಗೈಗೆ ಬರುತ್ತಿದ್ದವು.

ಅಮ್ಮ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ನನ್ನ ಕಾಲು ನೋಡಿದಳು. ಬಹಳ ಹೊತ್ತು ನೋಡಿದಳು. ಚೂರನ್ನು ಕೆಳಗಿಟ್ಟು, ನನ್ನ ಹೆಗಲು ಹಿಡಿದು, ಎದ್ದು ನಿಂತಳು. ನೋವಿಗೆ ಮುಖ ಕಿವುಚಿದಳು. ಪೂರ್ತಿ ನೆಟ್ಟಗೆ ನಿಲ್ಲಲು ಅವಳಿಗೆ ಆಗುವುದಿಲ್ಲ. ಆದಷ್ಟು ನಿಂತಳು. ಆ ಬಾಲ್ಕನಿಯ ಕಡೆ ಅವಳು ತಲೆಯೆತ್ತಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಇಳಿದು ಬಾ ತಾಯಿ" ಎಂದಳು. "ಇದರಲ್ಲಿ ಏನೇನ್ ಹಾಕಿದೀಯ ಅಂತ ನೀನೇ ಬಂದು ನೋಡು."

ಹೆಂಗಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಂಟ್ರಾಕ್ಟರ್‌ಗೆ ಫೋನ್ ಮಾಡುತ್ತಿರುವುದು ಕಿಟಕಿಯಿಂದ ಕೇಳುತ್ತಿತ್ತು. ಗಾಡಿ ಹಾಡು ಹಾಕಿಕೊಂಡು ಮುಂದಿನ ಬೀದಿಗೆ ಹೋಯಿತು. ನಾಳೆಯಿಂದ ಅಮ್ಮನಿಗೆ ಈ ಕೆಲಸ ಇರುವುದಿಲ್ಲ. ನನಗೂ ಇಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಬಗ್ಗಲಿಲ್ಲ.

ಔಟ್‌ಫೀಲ್ಡರ್ ಕೆಲಸ ಎಂದರೆ ಮುಕ್ಕಾಲು ಪಾಲು ಕಾಯುವುದೇ. ಬಿಸಿಲಲ್ಲಿ, ದೂರದಲ್ಲಿ, ಕಣ್ಣು ಮೇಲೆ ಇಟ್ಟುಕೊಂಡು. ಅದು ನನಗೆ ಗೊತ್ತಿರುವ ಕೆಲಸ. ಅಮ್ಮನ ತೋಳು ಹಿಡಿದುಕೊಂಡೆ. ಗಾಜು ನಮ್ಮ ಕಾಲ ಬಳಿ ಬಿದ್ದಿತ್ತು. ಆ ಬಾಗಿಲು ತೆರೆಯಲಿ ಎಂದು ನಾವಿಬ್ಬರೂ ಮೇಲೆ ನೋಡುತ್ತಾ ನಿಂತೆವು.